ಧಣಿ ಮನಸಾರೆ ಕೊಟ್ಟ ಹಣಕ್ಕೂ ತೆರಿಗೆಯೇ?

ಶಿರಸಿಯಲ್ಲಿ ನೌಕರರು, ಸಣ್ಣ ಉದ್ದಿಮೆದಾರರು ಮತ್ತು ಲೆಕ್ಕಪತ್ರ ನೋಡಿಕೊಳ್ಳುವವರ ಎದುರು ನೀಡಿದ ಉಪನ್ಯಾಸದ ಬರಹ ರೂಪ

ಎಲ್ಲರಿಗೂ ನಮಸ್ಕಾರ.

ಒಂದು ಪತ್ರದಿಂದಲೇ ಶುರುಮಾಡೋಣ. ಕುಮಟೆಯ ಗೇರುಬೀಜ ಕಾರ್ಖಾನೆ ಇರಲಿ, ಕಾರವಾರದ ಬೈತಖೋಲದ ಐಸ್ ಪ್ಲಾಂಟ್ ಇರಲಿ, ಇಲ್ಲಿನ ಅಡಿಕೆ ವಖಾರಿ ಇರಲಿ, ಕೆಲಸ ಕಡಿಮೆಯಾಗಿ ಜನರನ್ನು ಬಿಡುವಾಗ ಕೈಗೆ ಬರುವ ಪತ್ರ ಬಹುಪಾಲು ಹೀಗಿರುತ್ತದೆ: 'ನಿಮ್ಮ ದೀರ್ಘಕಾಲದ ಸೇವೆಯನ್ನು ಮನ್ನಿಸಿ ಎಲ್ಲ ಬಾಬ್ತು ಸೇರಿ ರೂ. 4,23,500 ಕೊಡಲಾಗಿದೆ. ಇನ್ನು ಯಾವ ಬಾಕಿಯೂ ಇರುವುದಿಲ್ಲ.' ಕೆಳಗೆ ರೆವಿನ್ಯೂ ಸ್ಟ್ಯಾಂಪ್, ಅದರ ಮೇಲೊಂದು ಸಹಿ. ಕೊಡುವವರ ಮನಸ್ಸಿನಲ್ಲಿ ಮೋಸ ಇರಬೇಕೆಂದೇನೂ ಇಲ್ಲ. ಕಾನೂನು ಹೇಳಿದ್ದಕ್ಕಿಂತ ಒಂದು ಲಕ್ಷ ಹೆಚ್ಚೇ ಕೊಟ್ಟಿರಬಹುದು. ಆದರೆ ತೆರಿಗೆ ಕಾಯ್ದೆಯ ಕಣ್ಣಿಗೆ ಅದು ಐದು ಬೇರೆ ಬೇರೆ ಹಣ. ಒಂದೊಂದಕ್ಕೆ ಒಂದೊಂದು ಕಲಂ, ಒಂದೊಂದು ಮಿತಿ. ಪತ್ರದಲ್ಲಿ ಅವನ್ನು ಬಿಡಿಸಿ ಬರೆಯದೇ ಹೋದರೆ ವಿನಾಯಿತಿ ಇದ್ದೂ ಇಲ್ಲದಂತೆ. ರಿಟರ್ನ್ ತುಂಬುವ ಜುಲೈ ತಿಂಗಳಲ್ಲಿ ಆಡಿಟರ್ ಹತ್ತಿರ ಹೋಗಿ ಕೂತರೆ ಅವರು ಮಾಡಬಹುದಾದದ್ದು ಸ್ವಲ್ಪವೇ. ತೆರಿಗೆ ಎಷ್ಟು ಎಂಬುದು ಆ ಪತ್ರಕ್ಕೆ ಸಹಿ ಬಿದ್ದ ದಿನವೇ ಹೆಚ್ಚುಕಡಿಮೆ ತೀರ್ಮಾನವಾಗಿ ಹೋಗಿರುತ್ತದೆ. ಇವತ್ತು ಈ ವಿಷಯ ತೆಗೆದುಕೊಂಡದ್ದು ಅದಕ್ಕಾಗಿಯೇ.

ಮೊದಲೇ ಒಂದು ಮಾತು. ಇಲ್ಲಿ ಹೇಳುವ ಕಲಂ ಮತ್ತು ಫಾರ್ಮ್ ಸಂಖ್ಯೆಗಳು 1961ರ ಆದಾಯ ತೆರಿಗೆ ಕಾಯ್ದೆಯವು. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಜಾರಿಗೆ ಬರುವುದರಿಂದ ಆ ನಂತರದ ಹಣಕ್ಕೆ ಸಂಖ್ಯೆಗಳು ಬದಲಾಗುತ್ತವೆ. ಈ ವಿನಾಯಿತಿಗಳ ಸ್ವರೂಪ ಮಾತ್ರ ಹೊಸ ಕಾಯ್ದೆಯಲ್ಲೂ ಮುಂದುವರಿದಿದೆ. ಇನ್ನು, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡರೆ ಇವೆಲ್ಲ ಹೋಗುತ್ತವೆ ಎಂದು ತುಂಬ ಜನ ನಂಬಿದ್ದಾರೆ. ಅದು ತಪ್ಪು. ಮನೆ ಬಾಡಿಗೆ ಭತ್ಯೆ, ಉಳಿತಾಯಕ್ಕೆ ಸಿಗುವ 80ಸಿ ಕಡಿತ ಅಂಥವು ಹೋಗುತ್ತವೆ, ನಿಜ. ಗ್ರಾಚ್ಯುಟಿ, ರಜೆ ನಗದೀಕರಣ, ಉದ್ಯೋಗ ಕಡಿತದ ಪರಿಹಾರ, ವಿ.ಆರ್.ಎಸ್. (ಸ್ವಯಂ ನಿವೃತ್ತಿ ಯೋಜನೆ) ಹಣ, ಈ ನಾಲ್ಕರ ವಿನಾಯಿತಿ ಹಳೆಯ, ಹೊಸ ಎರಡೂ ಪದ್ಧತಿಯಲ್ಲಿ ಸಿಗುತ್ತದೆ.

ಐದು ಬಾಬ್ತು

ಆ 4,23,500 ರೂಪಾಯಿಯನ್ನು ಬಿಡಿಸೋಣ. ಗೇರುಬೀಜ ಕಾರ್ಖಾನೆಯ ಒಬ್ಬ ಕಾರ್ಮಿಕರು ಎಂದಿಟ್ಟುಕೊಳ್ಳಿ. ಸೇವೆ 18 ವರ್ಷ 7 ತಿಂಗಳು. ಕೊನೆಯ ಮೂರು ತಿಂಗಳ ಸರಾಸರಿ ಸಂಬಳ, ಭತ್ಯೆಗಳೆಲ್ಲ ಸೇರಿ, 16,000. ಅದರಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆ 13,000.

ಗ್ರಾಚ್ಯುಟಿ ಮೊದಲು. 1972ರ ಗ್ರಾಚ್ಯುಟಿ ಕಾಯ್ದೆಯ ಲೆಕ್ಕ ನಿಮಗೆ ಗೊತ್ತು: 13,000 ಭಾಗಿಸು 26, ಗುಣಿಸು 15, ಅಂದರೆ ವರ್ಷಕ್ಕೆ 7,500. ಆರು ತಿಂಗಳು ದಾಟಿದ ಭಾಗ ಪೂರ್ತಿ ವರ್ಷವಾಗುವುದರಿಂದ ಸೇವೆ 19 ವರ್ಷ, ಮೊತ್ತ 1,42,500. ಮಿತಿ 20 ಲಕ್ಷ ಇರುವುದರಿಂದ ಇದಕ್ಕೆ ತೆರಿಗೆ ಇಲ್ಲ.

ಎರಡನೆಯದು ಉದ್ಯೋಗ ಕಡಿತದ ಪರಿಹಾರ. ಕೈಗಾರಿಕಾ ವಿವಾದ ಕಾಯ್ದೆ, 1947ರ 25ಎಫ್ ಕಲಮಿನಂತೆ ಪ್ರತಿ ಪೂರ್ಣ ವರ್ಷಕ್ಕೂ, ಆರು ತಿಂಗಳು ದಾಟಿದ ಭಾಗಕ್ಕೂ 15 ದಿನದ ಸರಾಸರಿ ವೇತನ. ಇಲ್ಲಿ ಎರಡು ತಪ್ಪು ಮತ್ತೆ ಮತ್ತೆ ಆಗುತ್ತವೆ. ಒಂದು, ಗ್ರಾಚ್ಯುಟಿಯ 13,000ವನ್ನೇ ಇಲ್ಲಿಗೂ ತರುತ್ತಾರೆ. ಸರಾಸರಿ ವೇತನದಲ್ಲಿ ಭತ್ಯೆಗಳೂ ಸೇರುತ್ತವೆ, ಹಾಗಾಗಿ ಹಿಡಿಯಬೇಕಾದದ್ದು 16,000. ಇನ್ನೊಂದು, 26ರಿಂದ ಭಾಗಿಸುತ್ತಾರೆ. ತಿಂಗಳ ಸಂಬಳದವರಿಗೆ 15 ದಿನ ಎಂದರೆ ಅರ್ಧ ತಿಂಗಳು, ಗ್ರಾಚ್ಯುಟಿಯ 26ರ ಲೆಕ್ಕ ಇಲ್ಲಿಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2007ರಲ್ಲಿ ಹೇಳಿದೆ. ಆದ್ದರಿಂದ 8,000 ಗುಣಿಸು 19, ಒಟ್ಟು 1,52,000. ಆದಾಯ ತೆರಿಗೆಯ 10(10ಬಿ) ಕಲಂ ಮೂರು ಮೊತ್ತ ನೋಡುತ್ತದೆ: ನಿಜವಾಗಿ ಕೊಟ್ಟದ್ದು, 25ಎಫ್ ಪ್ರಕಾರ ಬರುವುದು, ಮತ್ತು 5 ಲಕ್ಷ. ಮೂರರಲ್ಲಿ ಯಾವುದು ಕಡಿಮೆಯೋ ಅಷ್ಟಕ್ಕೆ ವಿನಾಯಿತಿ. ಇಲ್ಲಿ 1,52,000 ಪೂರ್ತಿ ವಿನಾಯಿತಿ. ಈ 5 ಲಕ್ಷದ ಮಿತಿ 1997ರ ಜನವರಿಯದು. ಮೂರು ದಶಕದ ಹತ್ತಿರ ಬಂದರೂ ಅದನ್ನು ಏರಿಸಿಲ್ಲ. ಗ್ರಾಚ್ಯುಟಿಯ ಮಿತಿ ಈ ನಡುವೆ ಏರಿತು, ರಜೆಯ ಮಿತಿ ಏರಿತು. ಕೆಲಸ ಕಳೆದುಕೊಂಡವರ ಮಿತಿಯನ್ನೇ ಹಾಗೆ ಬಿಟ್ಟದ್ದು ಸರಿಯಲ್ಲ.

ಮೂರನೆಯದು ಒಂದು ತಿಂಗಳ ನೋಟಿಸ್ ಬದಲಿಗೆ ಕೊಟ್ಟ ಸಂಬಳ, 16,000. ಇದಕ್ಕೆ ವಿನಾಯಿತಿ ಇಲ್ಲ. ನಾಲ್ಕನೆಯದು ಉಳಿದ 30 ದಿನ ರಜೆಯ ಹಣ, 13,000. ಖಾಸಗಿ ನೌಕರರಿಗೆ 2023ರ ಏಪ್ರಿಲ್‌ನಿಂದ ಜೀವಮಾನದ ಮಿತಿ 25 ಲಕ್ಷ, ಹಾಗಾಗಿ ತೆರಿಗೆ ಇಲ್ಲ. ಐದನೆಯದು ಮಾಲೀಕರು ತಾವಾಗಿ ಸೇರಿಸಿದ 1,00,000. ಎಲ್ಲ ಕೂಡಿದರೆ 4,23,500. ಬಿಡಿಸಿ ಬರೆದಾಗ 3,07,500 ತೆರಿಗೆಯಿಂದ ಹೊರಗೆ, ಒಳಗೆ ಬರುವುದು 1,16,000 ಮಾತ್ರ.

ಹೀಗಿರುವಾಗ 'ಅಷ್ಟು ಕಡಿಮೆ ಆದಾಯಕ್ಕೆ ತೆರಿಗೆಯೇ ಬೀಳುವುದಿಲ್ಲವಲ್ಲ' ಎಂದು ಯಾರಾದರೂ ಹೇಳಬಹುದು. ಈ ಕಾರ್ಮಿಕರ ಮಟ್ಟಿಗೆ ಸರಿ. 2025-26ರಲ್ಲಿ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಬೇಟ್ ಇದೆ, ಸಂಬಳದವರಿಗೆ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಸೇರಿ 12.75 ಲಕ್ಷ. ಬಿಸಿ ತಟ್ಟುವುದು ಮೇಲಿನ ಸಂಬಳದವರಿಗೆ. ಆದರೂ ಕೆಳಗಿನವರು ಬಿಡಿಸಿ ಬರೆಸಿಕೊಳ್ಳಲೇಬೇಕು. ಕಾರಣ ತೆರಿಗೆಯದ್ದಲ್ಲ. 'ಎಲ್ಲ ಬಾಬ್ತು ಸೇರಿ' ಎಂದಾಗ ಗ್ರಾಚ್ಯುಟಿಯಲ್ಲಿ ಎಷ್ಟು ಕಡಿಮೆ ಕೊಟ್ಟರು ಎಂಬುದೇ ತಿಳಿಯುವುದಿಲ್ಲ.

ರಾಜೀನಾಮೆ ಎಂಬ ಪದ

ಈ ಭಾಗವನ್ನು ದಯವಿಟ್ಟು ಗಮನ ಕೊಟ್ಟು ಕೇಳಿ. ಅತಿ ಹೆಚ್ಚು ಹಾನಿ ಆಗುವುದು ಇಲ್ಲೇ.

25ಎಫ್ ಪ್ರಕಾರ ಒಬ್ಬರನ್ನು ತೆಗೆಯಬೇಕಾದರೆ ಕಾರಣ ತೋರಿಸಿ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ ಕೊಡಬೇಕು, ಪರಿಹಾರ ಕೊಡಬೇಕು, ಸರ್ಕಾರಕ್ಕೆ ತಿಳಿಸಬೇಕು. ಕೊನೆಗೆ ಬಂದವರು ಮೊದಲು ಹೋಗಬೇಕೆಂಬ ನಿಯಮವೂ ಇದೆ. ಈ ರಗಳೆ ಬೇಡವೆಂದು ಕೆಲವು ಮಾಲೀಕರು ಸುಲಭದ ದಾರಿ ಹಿಡಿಯುತ್ತಾರೆ: 'ನೀವೇ ಒಂದು ರಾಜೀನಾಮೆ ಬರೆದುಕೊಡಿ, ಹಣ ಹೆಚ್ಚೇ ಕೊಡುತ್ತೇನೆ.' ಕಾರ್ಮಿಕರು 'ಸ್ವಂತ ಇಚ್ಛೆಯಿಂದ, ವೈಯಕ್ತಿಕ ಕಾರಣಕ್ಕಾಗಿ' ಎಂದು ಬರೆದು ಸಹಿ ಹಾಕುತ್ತಾರೆ. ಆ ಒಂದು ಸಾಲಿನಿಂದ ಏನೇನು ಹೋಗುತ್ತದೆ ನೋಡಿ. 10(10ಬಿ) ವಿನಾಯಿತಿ ಹೋಯಿತು, ಏಕೆಂದರೆ ರಾಜೀನಾಮೆ ಕೊಟ್ಟವರನ್ನು ಮಾಲೀಕರು ತೆಗೆದಂತಾಗುವುದಿಲ್ಲ. ವಿ.ಆರ್.ಎಸ್. ಎಂದು 10(10ಸಿ)ಯಲ್ಲಿ ಕೇಳೋಣವೆಂದರೆ ಅದಕ್ಕೆ ಲಿಖಿತ ಯೋಜನೆ ಬೇಕು, ಒಬ್ಬರ ರಾಜೀನಾಮೆ ಪತ್ರ ಯೋಜನೆಯಾಗುವುದಿಲ್ಲ. ಐದು ವರ್ಷ ತುಂಬದವರಾದರೆ ಪಿ.ಎಫ್. ಹಣದ ವಿನಾಯಿತಿಯೂ ಹೋಗಬಹುದು. ಅದರ ವಿಷಯ ಮುಂದೆ ಹೇಳುತ್ತೇನೆ. ಉಳಿಯುವುದು ಗ್ರಾಚ್ಯುಟಿ ಮತ್ತು ರಜೆಯ ಹಣದ ವಿನಾಯಿತಿ ಎರಡೇ. ತೆರಿಗೆ ಆಚೆಗಿರಲಿ, ಮುಂದೆ ಕಾರ್ಮಿಕ ನ್ಯಾಯಾಲಯಕ್ಕೆ ಹೋಗುವ ದಾರಿಯೂ ಆ ಸಾಲಿನಿಂದಲೇ ಕಿರಿದಾಗುತ್ತದೆ.

ಕಾರಣ ನಿಜವಾಗಿ ಕೆಲಸ ಇಲ್ಲದಿರುವುದೇ ಆಗಿದ್ದರೆ ಪತ್ರದಲ್ಲಿ ಅದನ್ನೇ ಬರೆಯಿಸಿ. 'ಹಸಿ ಗೇರುಬೀಜದ ಪೂರೈಕೆ ಕುಸಿದು ಸುಲಿಯುವ ವಿಭಾಗದಲ್ಲಿ ಕೆಲಸ ಇಲ್ಲದ ಕಾರಣ ಇಂಥ ದಿನದಿಂದ ನಿಮ್ಮನ್ನು ಸೇವೆಯಿಂದ ಬಿಡುಗಡೆ ಮಾಡಲಾಗಿದೆ' ಎಂದಿದ್ದರೆ ಸಾಕು. ಅದರ ಕೆಳಗೆ ಐದೂ ಬಾಬ್ತು, ಪ್ರತಿಯೊಂದರ ಲೆಕ್ಕ, ಸೇರಿದ ತಾರೀಖು, ಬಿಟ್ಟ ತಾರೀಖು. ಮಾಲೀಕರಿಗೂ ಇದರಿಂದ ಲಾಭವಿದೆ, ಏಕೆಂದರೆ ಟಿ.ಡಿ.ಎಸ್. (ಕೊಡುವಾಗಲೇ ಹಿಡಿಯುವ ತೆರಿಗೆ) ಎಷ್ಟು ಹಣಕ್ಕೆ ಹಿಡಿಯಬೇಕೆಂಬುದು ಆ ಪತ್ರದಿಂದಲೇ ಗೊತ್ತಾಗುತ್ತದೆ.

ಇನ್ನು, 10(10ಬಿ) ಎಲ್ಲರಿಗೂ ಇಲ್ಲ, 'ಕಾರ್ಮಿಕ' ಎಂಬ ವ್ಯಾಖ್ಯೆಯೊಳಗೆ ಬರುವವರಿಗೆ ಮಾತ್ರ. ಮ್ಯಾನೇಜರ್‌ಗಳು ಬರುವುದಿಲ್ಲ. ಮೇಲ್ವಿಚಾರಣೆ ಮಾಡುವವರ ಸಂಬಳ ತಿಂಗಳಿಗೆ 10,000 ದಾಟಿದರೆ 1947ರ ಕಾಯ್ದೆಯಂತೆ ಅವರೂ ಹೊರಗೆ. ಆದರೆ ಹುದ್ದೆಯ ಹೆಸರು ನೋಡಿ ಕೈಬಿಡಬೇಡಿ. ದಿನದ ಬಹುಪಾಲು ಯಾವ ಕೆಲಸ ಮಾಡುತ್ತಾರೆ ಎಂಬುದೇ ಮುಖ್ಯ. ಗುರುತಿನ ಚೀಟಿಯಲ್ಲಿ 'ಸೂಪರ್‌ವೈಸರ್' ಎಂದಿದ್ದು, ದಿನವಿಡೀ ತಾವೇ ಬೀಜ ವಿಂಗಡಿಸುವವರು ಕಾರ್ಮಿಕರೇ. ಶಾಲಾ ಶಿಕ್ಷಕರ ವಿಷಯ ಬೇರೆ. ಅವರು ಈ ವ್ಯಾಖ್ಯೆಯಲ್ಲಿ ಬರುವುದಿಲ್ಲವೆಂದು ಗೋವಾದ ಶಿಕ್ಷಕಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1988ರಲ್ಲಿ ತೀರ್ಪು ಕೊಟ್ಟಿದೆ. ಖಾಸಗಿ ಶಾಲೆ ಮುಚ್ಚಿ ಹೊರಬಂದ ಶಿಕ್ಷಕರಿಗೆ ಈ ಬಾಗಿಲು ತೆರೆಯುವುದಿಲ್ಲ.

ಪರಿಹಾರದ ಹಕ್ಕು ಬರಬೇಕಾದರೆ ಹಿಂದಿನ 12 ತಿಂಗಳಲ್ಲಿ 240 ದಿನ ಕೆಲಸ ಮಾಡಿರಬೇಕು. ಕರಾವಳಿಯಲ್ಲಿ ಇದು ದೊಡ್ಡ ಪ್ರಶ್ನೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆ ನಿಷೇಧ. ಆಗ ಐಸ್ ಪ್ಲಾಂಟಿನಲ್ಲೂ ಕೆಲಸ ಇರುವುದಿಲ್ಲ. ವರ್ಷದಲ್ಲಿ ಉಳಿಯುವುದು 304 ದಿನ. ಭಾನುವಾರಗಳನ್ನು ಕಳೆದರೆ 240ರ ಆಸುಪಾಸಿಗೆ ಬಂದು ನಿಲ್ಲುತ್ತೇವೆ ಎಂಬ ಆತಂಕ ಇರುತ್ತದೆ. ಸಂಬಳ ಸಹಿತ ರಜಾದಿನಗಳು ಮತ್ತು ಭಾನುವಾರಗಳೂ ಈ ಲೆಕ್ಕದಲ್ಲಿ ಸೇರುತ್ತವೆಂದು ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ಹಾಜರಿ ಪುಸ್ತಕದ ಪ್ರತಿ ಇಟ್ಟುಕೊಳ್ಳಿ. ದೋಣಿಯಲ್ಲಿ ಪಾಲಿನ ಲೆಕ್ಕದ ಮೇಲೆ ಹೋಗುವವರ ಸ್ಥಿತಿ ಬೇರೆ. ಅಲ್ಲಿ ನೌಕರಿಯ ಸಂಬಂಧ ಇದೆಯೋ ಇಲ್ಲವೋ ಎಂಬುದೇ ಮೊದಲು ತೀರ್ಮಾನವಾಗಬೇಕು.

ಇಡೀ ಘಟಕವೇ ಮುಚ್ಚಿದರೆ? ಮುಚ್ಚುವಾಗ ಬಂದ ಪರಿಹಾರವನ್ನೂ 10(10ಬಿ) ಉದ್ಯೋಗ ಕಡಿತದ ಪರಿಹಾರವೆಂದೇ ಪರಿಗಣಿಸುತ್ತದೆ. ಮಾಲೀಕರ ಕೈಮೀರಿದ, ತಪ್ಪಿಸಲಾಗದ ಕಾರಣದಿಂದ ಮುಚ್ಚಿದ್ದರೆ ಪರಿಹಾರ ಮೂರು ತಿಂಗಳ ವೇತನಕ್ಕೆ ಮಿತಿ. ಆದರೆ ನಷ್ಟವಾಯಿತು, ದಾಸ್ತಾನು ಮಾರಾಟವಾಗಲಿಲ್ಲ, ಲೀಸ್ ಮುಗಿಯಿತು ಎಂಬಷ್ಟೇ ಕಾರಣಗಳು ಆ ಸಾಲಿಗೆ ಸೇರುವುದಿಲ್ಲ.

2025ರ ನವೆಂಬರ್ 21ರಿಂದ 1947ರ ಕಾಯ್ದೆಯ ಜಾಗದಲ್ಲಿ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಯಲ್ಲಿದೆ. 15 ದಿನದ ಲೆಕ್ಕ ಅದರಲ್ಲೂ ಇದೆ. ಮೇಲ್ವಿಚಾರಕರ ವೇತನ ಮಿತಿ 18,000ಕ್ಕೆ ಏರಿದೆ. ಮರುತರಬೇತಿ ನಿಧಿಯಿಂದ ಇನ್ನೂ 15 ದಿನದ ವೇತನ 45 ದಿನದೊಳಗೆ ಕಾರ್ಮಿಕರ ಖಾತೆಗೆ ಬರಬೇಕೆಂದೂ ಅದರಲ್ಲಿದೆ. ಕೇಳದಿದ್ದರೆ ಯಾರೂ ನೆನಪಿಸುವುದಿಲ್ಲ, ಕೇಳಿ.

ಕಾನೂನು ಕೇಳದ್ದನ್ನೂ ಕೊಟ್ಟಾಗ

ಈಗ ಆ ಒಂದು ಲಕ್ಷದ ಮಾತು. ಕಾಯ್ದೆ ಕೇಳಿರಲಿಲ್ಲ, ಕರಾರಿನಲ್ಲಿ ಇರಲಿಲ್ಲ, ಸಂಘದ ಜೊತೆ ಒಪ್ಪಂದವೂ ಇರಲಿಲ್ಲ. ಹತ್ತೊಂಬತ್ತು ವರ್ಷ ದುಡಿದವರು ಬರಿಗೈಯಲ್ಲಿ ಹೋಗಬಾರದೆಂದು ಧಣಿ ತಾವಾಗಿ ಕೊಟ್ಟರು. ಎಕ್ಸ್‌ಗ್ರೇಷಿಯಾ ಎಂದು ವೋಚರ್‌ನಲ್ಲಿ ಬರೆಯುತ್ತಾರೆ. ಇದು ಸಂಬಳವೇ, ಪರಿಹಾರವೇ, ಉಡುಗೊರೆಯೇ?

ಹಳೆಯ ತೀರ್ಪುಗಳು ನೌಕರರ ಪರವಾಗಿವೆ. ಭಾವನಗರದ ಮಹಾರಾಜರು ತಮ್ಮ ಮಾಜಿ ದಿವಾನರಿಗೆ 5 ಲಕ್ಷ ರೂಪಾಯಿ ಕೊಟ್ಟಿದ್ದರು. ಅದು ವೈಯಕ್ತಿಕ ಮೆಚ್ಚುಗೆಯ ಉಡುಗೊರೆ, ಸೇವೆಯ ಪ್ರತಿಫಲವಲ್ಲ ಎಂದು ಸುಪ್ರೀಂ ಕೋರ್ಟ್ 1961ರಲ್ಲಿ ತೀರ್ಮಾನಿಸಿತು. ಆಮೇಲೆ, ಸಂಬಳದ ಬದಲಿಗೆ ಬಂದ ಲಾಭಕ್ಕೂ ತೆರಿಗೆ ಹಾಕುವ 17(3) ಕಲಮಿನ 'ಪರಿಹಾರ' ಎಂಬ ಪದದ ಮೇಲೆ ವಾದ ಬೆಳೆಯಿತು. ಪರಿಹಾರವೆಂದರೆ ಕಳೆದುಕೊಂಡ ಹಕ್ಕಿಗೆ ಬದಲಾಗಿ ಬರುವುದು. ಕೊಡಲೇಬೇಕಾದ ಹೊಣೆ ಮಾಲೀಕರಿಗೆ ಇಲ್ಲದಿದ್ದಾಗ ಅದು ಪರಿಹಾರ ಹೇಗಾಗುತ್ತದೆ ಎಂಬುದು ಆ ವಾದ. ಗುಜರಾತ್ ಹೈಕೋರ್ಟ್ 2015ರ ಒಂದು ತೀರ್ಪಿನಲ್ಲಿ ಇದನ್ನು ಒಪ್ಪಿದೆ. ತೆರಿಗೆ ನ್ಯಾಯಮಂಡಳಿಗಳೂ ಹಲವು ಸಲ ಒಪ್ಪಿವೆ. 'ಎಕ್ಸ್‌ಗ್ರೇಷಿಯಾಗೆ ತೆರಿಗೆ ಇಲ್ಲ' ಎಂದು ವಾಟ್ಸಪ್‌ನಲ್ಲಿ ಓಡಾಡುವ ಸಂದೇಶಗಳ ಬೇರು ಇಲ್ಲಿದೆ.

ಆದರೆ ಕಾಯ್ದೆ ಆಗಿದ್ದಲ್ಲೇ ನಿಂತಿಲ್ಲ. 2002ರ ಏಪ್ರಿಲ್ 1ರಿಂದ 17(3)ಕ್ಕೆ ಮೂರನೆಯ ಉಪವಿಧಿ ಸೇರಿತು. ಕೆಲಸಕ್ಕೆ ಸೇರುವ ಮುನ್ನ ಅಥವಾ ಕೆಲಸ ನಿಂತ ಮೇಲೆ ಕೆಲಸ ಕೊಟ್ಟವರಿಂದ ಬಂದ ಯಾವುದೇ ಮೊತ್ತ, ಒಟ್ಟಾಗಿ ಬಂದರೂ ಕಂತಾಗಿ ಬಂದರೂ, ಸಂಬಳದ ಬದಲಿಗೆ ಬಂದ ಲಾಭ ಎನ್ನುತ್ತದೆ ಅದು. 'ಪರಿಹಾರ' ಎಂಬ ಪದವೇ ಅಲ್ಲಿಲ್ಲ. 2019ರ ಏಪ್ರಿಲ್ 1ರಿಂದ 56(2)(11)ನೇ ಉಪಕಲಂ ಬಂತು. ರೋಮನ್ ಅಂಕಿಯಲ್ಲಿ ಬರೆಯುತ್ತಾರೆ, ಹನ್ನೊಂದನೆಯದು. ಉದ್ಯೋಗ ಮುಗಿದದ್ದಕ್ಕೆ ಸಂಬಂಧಿಸಿ ಬಂದ ಪರಿಹಾರ ಅಥವಾ ಬೇರೆ ಪಾವತಿ, ಅದಕ್ಕೆ ಯಾವ ಹೆಸರಿಟ್ಟರೂ ಸರಿ, ಇತರ ಮೂಲದ ಆದಾಯ. ಸಂಬಳದ ಬಲೆಯಿಂದ ತಪ್ಪಿಸಿಕೊಂಡದ್ದು ಈ ಬಲೆಗೆ ಬೀಳುತ್ತದೆ. ಆದ್ದರಿಂದ ಯಾವುದೇ ತೀರ್ಪು ಕೈಗೆ ಸಿಕ್ಕಾಗ ತೀರ್ಪಿನ ತಾರೀಖು ನೋಡಿ ಸಂತೋಷಪಡಬೇಡಿ. ಯಾವ ವರ್ಷ ಬಂದ ಹಣದ ಬಗ್ಗೆ ಆ ತೀರ್ಪು, ಅದನ್ನು ನೋಡಿ.

ಉಡುಗೊರೆ ಎಂದು ಬರೆದರೆ ಹೇಗೆ ಎಂದು ಕೇಳುವವರಿದ್ದಾರೆ. ಸಂಬಂಧಿಕರಲ್ಲದವರಿಂದ ವರ್ಷಕ್ಕೆ 50,000 ದಾಟಿ ಬಂದ ಹಣಕ್ಕೆ ಪೂರ್ತಿ ತೆರಿಗೆ ಇದೆ, ದಾಟಿದ ಭಾಗಕ್ಕೆ ಮಾತ್ರವಲ್ಲ. ಒಂದು ಲಕ್ಷ ಅಲ್ಲಿಯೂ ಸಿಕ್ಕಿಬೀಳುತ್ತದೆ. 50,000ದೊಳಗೆ ಇಳಿಸಿದರೂ ಕೆಲಸ ಹೋದ ಕಾರಣಕ್ಕೇ ಬಂದದ್ದು ಎಂಬ ಸಂಬಂಧ ಅಳಿಸಿಹೋಗುವುದಿಲ್ಲ. ಇಂದಿನ ಕಾಯ್ದೆಯಲ್ಲಿ ಸ್ವಇಚ್ಛೆಯ ಪಾವತಿಗೆ ತೆರಿಗೆ ಇದೆ ಎಂದೇ ಲೆಕ್ಕ ಹಾಕಿ, ಅದಕ್ಕೆ ಬೇಕಾದ ಹಣ ತೆಗೆದಿಡಿ. ಇದು ನಮ್ಮ ಖಚಿತ ಸಲಹೆ.

ವಿ.ಆರ್.ಎಸ್. ಮತ್ತು ಮಾರ್ಚ್ 31

ಕಾರ್ಮಿಕ ವ್ಯಾಖ್ಯೆಗೆ ಬರದ ಆಫೀಸರ್, ಮ್ಯಾನೇಜರ್‌ಗಳಿಗೆ ಉಳಿದ ದಾರಿ 10(10ಸಿ). ಇದೂ 5 ಲಕ್ಷದವರೆಗೆ, ಜೀವಮಾನದಲ್ಲಿ ಒಂದು ಸಲ. ಯೋಜನೆ 2ಬಿಎ ನಿಯಮಕ್ಕೆ ಹೊಂದಬೇಕು: ನೌಕರರಿಗೆ 10 ವರ್ಷ ಸೇವೆ ಅಥವಾ 40 ವರ್ಷ ವಯಸ್ಸು ಆಗಿರಬೇಕು, ನಿರ್ದೇಶಕರನ್ನು ಬಿಟ್ಟು ಎಲ್ಲರಿಗೂ ಅನ್ವಯಿಸಬೇಕು, ಒಟ್ಟು ಸಿಬ್ಬಂದಿ ಕಡಿಮೆಯಾಗಬೇಕು, ಖಾಲಿಯಾದ ಜಾಗ ತುಂಬಬಾರದು, ಹೋದವರನ್ನು ಅದೇ ಆಡಳಿತದ ಇನ್ನೊಂದು ಸಂಸ್ಥೆಯಲ್ಲಿ ಸೇರಿಸಿಕೊಳ್ಳಬಾರದು. ಕಂಪನಿ, ಸಹಕಾರ ಸಂಘ, ಸ್ಥಳೀಯ ಸಂಸ್ಥೆ, ವಿಶ್ವವಿದ್ಯಾಲಯ, ಸರ್ಕಾರ ಇವೆಲ್ಲ ಇಂಥ ಯೋಜನೆ ತರಬಹುದು. ಪಾಲುದಾರಿಕೆ ಫರ್ಮು ಮತ್ತು ಒಬ್ಬರೇ ಮಾಲೀಕರಿರುವ ವ್ಯಾಪಾರ ಆ ಪಟ್ಟಿಯಲ್ಲಿಲ್ಲ. ನಮ್ಮ ಕರಾವಳಿಯ ಎಷ್ಟೋ ಘಟಕಗಳು ಫರ್ಮುಗಳೇ. ಅಲ್ಲಿ ವಿ.ಆರ್.ಎಸ್. ಎಂದು ಹೆಸರಿಟ್ಟು ಹಣ ಕೊಟ್ಟರೂ ನೌಕರರಿಗೆ ಈ ವಿನಾಯಿತಿ ಸಿಗದು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಸಹಕಾರ ಸಂಘಗಳ ನೌಕರರಿಗಾದರೋ ಈ ದಾರಿ ತೆರೆದಿದೆ. ಸಂಘದ ಆಡಳಿತ ಮಂಡಳಿ ಯೋಜನೆಯನ್ನು ಠರಾವಿನಲ್ಲಿ ಬರೆದು, ಮೇಲಿನ ಷರತ್ತುಗಳನ್ನು ಒಂದೊಂದಾಗಿ ಸೇರಿಸಿರಬೇಕು.

ಹಣದಲ್ಲಿ ಇದರ ಬೆಲೆ ಎಷ್ಟು? ತಿಂಗಳಿಗೆ 90,000 ಸಂಬಳದ ಒಬ್ಬ ಅಧಿಕಾರಿ ಸೆಪ್ಟೆಂಬರ್ ಕೊನೆಗೆ 18 ಲಕ್ಷ ಪಡೆದು ಹೊರಬಂದರು ಎನ್ನಿ. ಆರು ತಿಂಗಳ ಸಂಬಳ 5,40,000. ವಿನಾಯಿತಿ ಸಿಕ್ಕರೆ ತೆರಿಗೆಗೆ ಒಳಪಡುವ ಆದಾಯ 17,65,000, 2025-26ರ ಹೊಸ ಪದ್ಧತಿಯ ದರದಲ್ಲಿ ಸೆಸ್ ಸೇರಿ ತೆರಿಗೆ 1,59,120. ಯೋಜನೆಯಲ್ಲಿ ಲೋಪವಿದ್ದು ವಿನಾಯಿತಿ ತಪ್ಪಿದರೆ 2,76,900. ಒಂದು ಠರಾವು ಸರಿಯಾಗಿ ಬರೆಯದ ಕಾರಣಕ್ಕೆ 1,17,780 ರೂಪಾಯಿ ಹೆಚ್ಚು.

ಅದಕ್ಕಿಂತ ದೊಡ್ಡ ವ್ಯತ್ಯಾಸ ತಾರೀಖಿನಲ್ಲಿ ಅಡಗಿದೆ. ಇದೇ ಅಧಿಕಾರಿ ಮಾರ್ಚ್ 31ಕ್ಕೆ ಹೊರಬಂದರೆ ಪೂರ್ತಿ ವರ್ಷದ ಸಂಬಳ 10,80,000, ಅದರ ಮೇಲೆ ವಿನಾಯಿತಿ ಕಳೆದ 13 ಲಕ್ಷ, ಎರಡೂ ಒಂದೇ ವರ್ಷಕ್ಕೆ ಬೀಳುತ್ತವೆ. ತೆರಿಗೆ 2,87,300. ಏಪ್ರಿಲ್ 30ಕ್ಕೆ ಹೊರಬಂದರೆ ಹಿಂದಿನ ವರ್ಷದ 10,80,000ಕ್ಕೆ ರಿಬೇಟ್‌ನಿಂದ ತೆರಿಗೆಯೇ ಇಲ್ಲ. ಹೊಸ ವರ್ಷದಲ್ಲಿ ಒಂದು ತಿಂಗಳ ಸಂಬಳ ಮತ್ತು 13 ಲಕ್ಷ, ಅದೇ ದರ ಹಿಡಿದರೆ ತೆರಿಗೆ 80,340. ಎರಡು ಲಕ್ಷಕ್ಕೂ ಮೀರಿದ ಉಳಿತಾಯ, ಅದೂ ಪೂರ್ತಿ ಕಾನೂನಿನ ಒಳಗೇ. ಆದರೆ ಚೆಕ್ ಮಾತ್ರ ಏಪ್ರಿಲ್‌ನಲ್ಲಿ ಪಡೆದರೆ ಸಾಲದು. ಸಂಬಳದ ಆದಾಯಕ್ಕೆ ತೆರಿಗೆ ಬೀಳುವುದು ಹಣ ಬಾಕಿಯಾದಾಗ ಅಥವಾ ಕೈಗೆ ಬಂದಾಗ, ಎರಡರಲ್ಲಿ ಯಾವುದು ಮೊದಲೋ ಆಗ. ಕೆಲಸ ಬಿಟ್ಟ ದಿನವೇ ಏಪ್ರಿಲ್‌ಗೆ ಬಂದಿರಬೇಕು.

89ನೇ ಕಲಮಿನ ತೆರಿಗೆ ರಿಯಾಯಿತಿಯೂ ಇದೆ. ಮೂರು ವರ್ಷ ಸೇವೆ ಆಗಿ, ಇನ್ನೂ ಕನಿಷ್ಠ ಮೂರು ವರ್ಷ ಸೇವೆ ಬಾಕಿ ಇದ್ದವರಿಗೆ, ಹಣವನ್ನು ಹಿಂದಿನ ಮೂರು ವರ್ಷಕ್ಕೆ ಮೂರು ಪಾಲಾಗಿ ಹಂಚಿ, ಆ ವರ್ಷಗಳ ಸರಾಸರಿ ದರದ ಜೊತೆ ಹೋಲಿಸಿ ವ್ಯತ್ಯಾಸ ಬಿಡುತ್ತಾರೆ. 10(10ಸಿ) ತೆಗೆದುಕೊಂಡ ವಿ.ಆರ್.ಎಸ್. ಹಣಕ್ಕೆ ಇದನ್ನು ಕೇಳುವಂತಿಲ್ಲ, ಎರಡರಲ್ಲಿ ಒಂದೇ. ಎರಡನ್ನೂ ಲೆಕ್ಕ ಹಾಕಿಸಿ ನೋಡಿ. 10(10ಬಿ) ಕಳೆದು ಉಳಿದ ಹಣಕ್ಕೆ ಅಂಥ ತಡೆ ಇಲ್ಲ. ಫಾರ್ಮ್ 10ಇಯನ್ನು ರಿಟರ್ನಿಗಿಂತ ಮೊದಲು ಪೋರ್ಟಲ್‌ನಲ್ಲಿ ಸಲ್ಲಿಸಬೇಕು. ಇದನ್ನು ಮರೆತರೆ ತೆರಿಗೆ ಇಲಾಖೆ ಕಳಿಸುವ 143(1)ರ ಸೂಚನೆಯಲ್ಲಿ ಈ ರಿಯಾಯಿತಿ ಕತ್ತರಿಸಿ ಬಾಕಿ ತೋರಿಸುತ್ತಾರೆ.

ಕೊಡುವವರ ಲೆಕ್ಕ

ಉದ್ದಿಮೆದಾರರು ಕೇಳುವುದು ಒಂದೇ: ಕಾನೂನು ಕೇಳದ್ದನ್ನು ಕೊಟ್ಟರೆ ಖರ್ಚೆಂದು ಒಪ್ಪುತ್ತಾರೆಯೇ? ವ್ಯಾಪಾರ ನಡೆಯುತ್ತಿದ್ದರೆ ಒಪ್ಪುತ್ತಾರೆ. ಖರ್ಚು ಅನಿವಾರ್ಯವಾಗಿರಬೇಕಿಲ್ಲ, ಸ್ವಇಚ್ಛೆಯಿಂದ ಮಾಡಿದ್ದರೂ ವ್ಯಾಪಾರದ ಹಿತಕ್ಕಾಗಿದ್ದರೆ ಸಾಕು ಎಂದು ಸಾಸೂನ್ ಜೆ. ಡೇವಿಡ್ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1979ರಲ್ಲಿ ಹೇಳಿದೆ. ವ್ಯಾಪಾರವೇ ನಿಂತಿದ್ದರೆ ಕಥೆ ಬೇರೆ. 1967ರ ಜೆಮಿನಿ ಕ್ಯಾಶ್ಯೂ ತೀರ್ಪು, ಅದೂ ಗೇರುಬೀಜದವರದ್ದೇ, ವ್ಯಾಪಾರ ಕೈಬದಲಾಗಿ ನಿಂತಾಗ ಹುಟ್ಟಿದ ಪರಿಹಾರದ ಹೊಣೆ ವ್ಯಾಪಾರ ನಡೆಸುವ ಖರ್ಚಲ್ಲ ಎಂದಿತು. ಅಂಕೋಲೆಯ ಘಟಕ ಮುಚ್ಚಿ ಕುಮಟೆಯದನ್ನು ಅದೇ ಲೆಕ್ಕ, ಅದೇ ಆಡಳಿತದಲ್ಲಿ ನಡೆಸುತ್ತಿದ್ದರೆ ಖರ್ಚು ಸಿಗುತ್ತದೆ. ಎರಡನ್ನೂ ಮುಚ್ಚಿದ ಮೇಲೆ ಕೊಟ್ಟರೆ ತೊಡಕು. ವಿ.ಆರ್.ಎಸ್. ಯೋಜನೆಯ ಪಾವತಿಯನ್ನು 35ಡಿಡಿಎ ಪ್ರಕಾರ ಐದು ವರ್ಷಕ್ಕೆ ಸಮ ಪಾಲಾಗಿ ಹಂಚಬೇಕು. ಟಿ.ಡಿ.ಎಸ್. ಹಿಡಿಯಬೇಕಾಗಿದ್ದು ಹಿಡಿಯದೇ ಹೋದರೆ ಆ ಖರ್ಚಿನ 30 ಶೇಕಡಾ ತಳ್ಳಿಹಾಕುತ್ತಾರೆ.

ಸಭೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವು

ನಗದಾಗಿ ಕೊಡಬಹುದೇ? ದಿನಕ್ಕೆ ಒಬ್ಬರಿಗೆ 10,000 ದಾಟಿದ ನಗದು ಖರ್ಚು ಸಾಮಾನ್ಯವಾಗಿ ನಡೆಯುವುದಿಲ್ಲ. ಗ್ರಾಚ್ಯುಟಿ, ಉದ್ಯೋಗ ಕಡಿತದ ಪರಿಹಾರ ಅಂಥವಕ್ಕೆ ಒಟ್ಟು 50,000ದವರೆಗೆ 6ಡಿಡಿ ನಿಯಮದಲ್ಲಿ ರಿಯಾಯಿತಿ ಇದೆ. ಆದರೂ ಬ್ಯಾಂಕ್ ಮೂಲಕವೇ ಕೊಡಿ. ಪಡೆದವರಿಗೂ ಅದು ಸಾಕ್ಷಿ.

ಫಾರ್ಮ್ 16ರಲ್ಲಿ ಮಾಲೀಕರು ವಿನಾಯಿತಿ ತೋರಿಸದೇ ಪೂರ್ತಿ ಹಣಕ್ಕೆ ಟಿ.ಡಿ.ಎಸ್. ಹಿಡಿದಿದ್ದರೆ? ರಿಟರ್ನಿನಲ್ಲಿ ನೀವೇ 10(10ಬಿ) ಆರಿಸಿ ಕೇಳಬಹುದು. ಫಾರ್ಮ್ 16ಕ್ಕೂ ರಿಟರ್ನಿಗೂ ತಾಳೆಯಾಗದಿದ್ದಾಗ ಪ್ರಶ್ನೆ ಬರುತ್ತದೆ. ಆಗ ಬಿಡುಗಡೆ ಪತ್ರ, ಲೆಕ್ಕದ ಹಾಳೆ, ಕೊನೆಯ ಮೂರು ತಿಂಗಳ ಸಂಬಳ ಚೀಟಿ ಕೈಯಲ್ಲಿರಲಿ. ಏಳು ವರ್ಷ ಜೋಪಾನ ಮಾಡಿ. ಮಳೆಗಾಲದ ತೇವಕ್ಕೆ ಅಂಟದಂತೆ ಸ್ಕ್ಯಾನ್ ಮಾಡಿ ಇಟ್ಟುಕೊಂಡರೆ ಒಳ್ಳೆಯದು.

ಕಾರ್ಮಿಕ ನ್ಯಾಯಾಲಯದಲ್ಲಿ ರಾಜಿಯಾಗಿ ಬಂದ ಹಣ? ಹಿಂಬಾಕಿ ವೇತನದ ಭಾಗ ಸಂಬಳ, ಅದಕ್ಕೆ 89ರ ರಿಯಾಯಿತಿ ಕೇಳಬಹುದು. ಕೆಲಸಕ್ಕೆ ಮರಳಿ ತೆಗೆದುಕೊಳ್ಳುವ ಬದಲಿಗೆ ಕೊಟ್ಟ ಭಾಗ ಬೇರೆ. ರಾಜಿ ಪತ್ರದಲ್ಲಿ ಎರಡನ್ನೂ ಬೇರೆ ಬೇರೆ ಬರೆಯಿಸಲು ವಕೀಲರಿಗೆ ಮೊದಲೇ ಹೇಳಿ.

ಮೂರು ವರ್ಷಕ್ಕೇ ಕೆಲಸ ಹೋದವರ ಪಿ.ಎಫ್.? ಐದು ವರ್ಷ ತುಂಬದೆ ತೆಗೆದರೆ ತೆರಿಗೆ ಇದೆ, 50,000 ಮತ್ತು ಮೇಲ್ಪಟ್ಟರೆ 10 ಶೇಕಡಾ ಟಿ.ಡಿ.ಎಸ್. ಆದರೆ ಮಾಲೀಕರ ವ್ಯಾಪಾರ ಕುಗ್ಗಿ ಅಥವಾ ನಿಂತು ಕೆಲಸ ಹೋಗಿದ್ದರೆ ಐದು ವರ್ಷದ ಷರತ್ತು ಅನ್ವಯಿಸುವುದಿಲ್ಲ. ಕೆಲಸ ಬಿಟ್ಟ ಕಾರಣವನ್ನು ಪಿ.ಎಫ್. ಪೋರ್ಟಲ್‌ನಲ್ಲಿ ನಮೂದಿಸುವವರು ಮಾಲೀಕರು. ಅಲ್ಲಿ ಏನು ಬರೆದಿದ್ದಾರೆಂದು ಹಣ ಕೇಳುವ ಮುನ್ನ ನೋಡಿಕೊಳ್ಳಿ.

ಕೊನೆಯದು, ಹಿಂದಿನ ಸಾಲಿನಿಂದ ಬಂದ ಪ್ರಶ್ನೆ. ಕೆಲಸದಲ್ಲಿದ್ದಾಗಲೇ ತೀರಿಕೊಂಡವರ ಹೆಂಡತಿಗೆ ಸಂಸ್ಥೆ ತಾನಾಗಿ ಕೊಟ್ಟ ಹಣಕ್ಕೆ ತೆರಿಗೆ ಇದೆಯೇ? ಇಲ್ಲ. ಸೇವೆಯಲ್ಲಿರುವಾಗ ಮೃತರಾದವರ ಪತ್ನಿಗೆ ಅಥವಾ ವಾರಸುದಾರರಿಗೆ ಒಟ್ಟಾಗಿ ಕೊಡುವ ಎಕ್ಸ್‌ಗ್ರೇಷಿಯಾ ತೆರಿಗೆಗೆ ಒಳಪಡುವ ಆದಾಯವಲ್ಲವೆಂದು ನೇರ ತೆರಿಗೆ ಮಂಡಳಿ 1990ರ ಆಗಸ್ಟ್ 21ರ 573ನೇ ಸುತ್ತೋಲೆಯಲ್ಲಿ ತಿಳಿಸಿದೆ. ಆ ಹಣಕ್ಕೆ ಯಾರಾದರೂ ಟಿ.ಡಿ.ಎಸ್. ಹಿಡಿದಿದ್ದರೆ ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಿರಿ.